ಒಬ್ಬನಿಗೆ ಒಂದೇ ಊರು

ಬಲಗಾಲಿನ ಬೂಟು ಹತ್ತಲೊಲ್ಲದು. ಎಡಗಾಲಿನದು ಹೇಗೋ ಏರಿತ್ತು. ಬಲಗಾಲು ಮಾತ್ರ ಬದುಕಿದ್ದಾಗಿನ ಹಟವನ್ನು ಇನ್ನೂ ಬಿಟ್ಟಿರಲಿಲ್ಲ. ಇವಾಂಜಲಿನ ಚಾಪೆಯ ಮೇಲೆ ಮಂಡಿಯೂರಿ, ಗಂಡನ ಹಿಮ್ಮಡಿಗೆ ಚಮಚದ ಹಿಡಿಕೆ ಕೊಟ್ಟು ಒತ್ತುತ್ತಿದ್ದಳು. ಜೀವಮಾನವೆಲ್ಲ ನರ್ಸ್ ಆಗಿದ್ದವಳು. ತೀರಿಹೋದವರಿಗೆ ಎಷ್ಟು ಸಲ ಬಟ್ಟೆ ತೊಡಿಸಿದ್ದಳೋ ಲೆಕ್ಕವಿಲ್ಲ. ಈ ಒಂದು ಕಾಲಿನ ಎದುರು ಅವಳ ವಿದ್ಯೆಯೆಲ್ಲ ಸೋತಿತ್ತು.

"ಬಿಡು ಮಮ್ಮಿ, ಬರೇ ಕಾಲುಚೀಲ ಇರ್ಲಿ," ಎಂದಳು ಮಗಳು ಕ್ಯಾರೊಲಿನ. "ಪೆಟಗಿಯೊಳಗ ಕಾಲು ಯಾರು ನೋಡ್ತಾರ?"

"ನಿಮ್ಮ ಪಪ್ಪಾ ನೋಡ್ತಾರ. ಮದುವಿಗೂ ಈ ಕರೀ ಬೂಟು ಬ್ಯಾಡಂತ ಕುಂತಿದ್ರು. ಇವತ್ತೂ ಅದೇ ತಕರಾರು."

ಅವಳು ಬೂಟನ್ನು ಬದಿಗಿಟ್ಟು ಮುಖ ಒರೆಸಲು ಬಟ್ಟೆ ತೆಗೆದುಕೊಂಡಳು. ಕ್ಯಾರೊಲಿನ ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರು ತಂದಳು. "ಅದರಾಗ ಬ್ಯಾಡ. ಅವರ ಚೊಂಬಿನಾಗ ತಾ," ಎಂದಳು ಇವಾಂಜಲಿನ. ಮಗಳು ಹೋಗಿ ಮಂಚದ ಕೆಳಗಿದ್ದ ಹಿತ್ತಾಳೆಯ ಹಳೆಯ ಚೊಂಬನ್ನು ತುಂಬಿ ತಂದಳು. ಅದರ ಅಂಚು ಒಂದು ಕಡೆ ನಗ್ಗಿತ್ತು. ಮನೆಯಲ್ಲಿ ಸ್ಟೀಲು ಬಂದು ಗಾಜು ಬಂದರೂ ಜೇಮ್ಸ ಆ ಚೊಂಬಿನಲ್ಲಲ್ಲದೆ ಬೇರೆಯದರಲ್ಲಿ ನೀರು ಕುಡಿದವನಲ್ಲ.

ಜೇಮ್ಸ ತೀರಿಹೋದದ್ದು ಹಿಂದಿನ ದಿನ ಮಧ್ಯಾಹ್ನ, ಬೀದರದ ಚೌಬಾರಾ ಹತ್ತಿರದ ತನ್ನ ಸೈಕಲ್ ಅಂಗಡಿಯಲ್ಲಿ. ಯಾರದೋ ಸೈಕಲ್ಲಿಗೆ ಗಾಳಿ ಹೊಡೆದು, 'ಜರಾ ಕೂಡ್ತೇನ್ರಿ' ಎಂದು ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ. ಒಂದು ಕಾಲದಲ್ಲಿ ಬಾಡಿಗೆ ಸೈಕಲ್ಲುಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಅಂಗಡಿ ಅದು. ಊರ ಮಂದಿ ಮೋಟರ್ ಸೈಕಲ್ ಹತ್ತಿದ ಮೇಲೆ ಅಲ್ಲಿ ಪಂಕ್ಚರಿಗಿಂತ ಚಹಾವೇ ಹೆಚ್ಚು ನಡೆಯುತ್ತಿತ್ತು, ಅದೂ ಜೇಮ್ಸನ ಖರ್ಚಿನಲ್ಲಿ.

ಮಂಗಲಪೇಟೆಯ ಆ ಸಣ್ಣ ಮನೆಯ ಅಂಗಳ ಬೆಳಿಗ್ಗೆಯೇ ತುಂಬಿತ್ತು. ಮದುವೆಯಿರಲಿ, ಮಣ್ಣಿರಲಿ, ಜೇಮ್ಸ ಹೋದಲ್ಲಿ ನೀರಿನ ಜಗ್ಗು ತಾನಾಗಿ ಅವನ ಕೈಗೆ ಬರುತ್ತಿತ್ತು. ಪಂಕ್ತಿಯಲ್ಲಿ ಯಾರ ಲೋಟ ಖಾಲಿಯಾಗಿದೆ ಎಂದು ನೋಡಲು ಅವನಿಗೆ ಬೆನ್ನಲ್ಲೂ ಕಣ್ಣಿದ್ದವು. ಇವತ್ತು ಬಂದವರಿಗೆ ನೀರು ಕೊಡುವ ಕೆಲಸ ಯಾರದೆಂದು ಯಾರಿಗೂ ಹೊಳೆಯಲಿಲ್ಲ. ಮಂದಿ ಬಾಯಾರಿಸಿಕೊಂಡೇ ಕುಳಿತಿದ್ದರು.

ಭಾಲ್ಕಿಗೆ ಒಯ್ಯುವುದೆಂದು ರಾತ್ರಿಯೇ ಮಾತಾಗಿತ್ತು. ಭಾಲ್ಕಿ ಇವಾಂಜಲಿನಳ ತವರು. ಅಲ್ಲಿಯ ಸಮಾಧಿಸ್ಥಳದಲ್ಲಿ ಅವಳ ಅಪ್ಪ ಅವ್ವನ ಪಕ್ಕ ಇಬ್ಬರಿಗೆ ಸಾಕಾಗುವಷ್ಟು ಜಾಗವಿತ್ತು. ವರ್ಷವರ್ಷವೂ ಅವಳು ಹೋಗಿ ಕಸ ಕಿತ್ತು, ಕಲ್ಲು ಹೊಂದಿಸಿ ಆ ಜಾಗವನ್ನು ಕಾಯ್ದುಕೊಂಡು ಬಂದಿದ್ದಳು. ಸಾಯುವುದರಲ್ಲಿ ಅವಳಿಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ಗಂಡನ ಬಲಕ್ಕೆ ಮಲಗಬೇಕು, ಅಷ್ಟೆ. ಮಂಚದಲ್ಲೂ ಅವಳದು ಬಲಗಡೆಯೇ ಆಗಿತ್ತು.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುವ ಹಾಗೆ ಅಷ್ಟೊತ್ತಿಗೆ ಎಕಂಬಾದ ಟೆಂಪೋ ಬಂದು ನಿಂತಿತು. ಅದರಿಂದ ಮೊದಲು ಇಳಿದವನು ಜೇಮ್ಸನ ಅಣ್ಣ ಜಾಕ್ಸನ. ಹೆಂಡತಿಯಿಲ್ಲದ, ಮಕ್ಕಳಿಲ್ಲದ, ಮಾತೂ ಹೆಚ್ಚಿಲ್ಲದ ಮನುಷ್ಯ. ಔರಾದ ತಾಲೂಕಿನ ಆ ಊರು ಬಿಟ್ಟು ಅವನು ಬೀದರಕ್ಕೆ ಬರುವುದೇ ಅಪರೂಪ. ಹೊಸ್ತಿಲ ತನಕ ಬಂದು ಅಲ್ಲೇ ನಿಂತುಬಿಟ್ಟ.

"ಒಳಗ ಬರ್ರಿ ಭಾವನೋರೆ," ಎಂದಳು ಇವಾಂಜಲಿನ.

"ಬರ್ತೇನಿ. ಮೊದಲ ಒಂದು ಮಾತು ಹೇಳವಾ. ಮಣ್ಣು ಎಲ್ಲಿ?"

"ಭಾಲ್ಕ್ಯಾಗ್ರಿ. ಪಾಸ್ಟರಿಗಿ ಹೇಳೇವಿ. ಕುಣಿ ತೋಡ್ಲಿಕತ್ತಾರ."

"ಎಕಂಬಾದಾಗೂ ತೋಡ್ಲಿಕತ್ತಾರ," ಎಂದ ಜಾಕ್ಸನ.

ಒಬ್ಬನೇ ಮನುಷ್ಯ, ಎರಡು ಊರಲ್ಲಿ ಕುಣಿ. ಬದುಕಿದ್ದರೆ ಜೇಮ್ಸ ಇದನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ. ಅಂಗಳದಲ್ಲಿ ಯಾರೂ ನಗಲಿಲ್ಲ.

"ಹಿಂಗ್ಯಾಕ ಮಾಡ್ತೀರಿ, ಭಾವನೋರೆ?"

"ನಾ ಏನ್ ಮಾಡೀನಿ? ಅವ ಪೇಪರಿನಾಗ ಭಾಲ್ಕಿಯವ ಆದ. ಮದುವಿ ಆಗಿ ಭಾಲ್ಕಿಯವ ಆದ. ಸತ್ತ ಮ್ಯಾಲಾರ ನಮ್ಮವ ಆಗ್ಲಿ. ಅವ್ವನ ಮುಂದ ಒಮ್ಮಿ ನಿಂದರ್ಲಿ."

"ಮತ್ತ ನನ್ನ ಜಗಾ ಎಲ್ಲ್ಯದರಿ?" ಎಂದಳು ಇವಾಂಜಲಿನ. ಇಷ್ಟು ಹೊತ್ತು ತಡೆದದ್ದೆಲ್ಲ ಈಗ ಬಾಯಿಗೆ ಬಂದಿತ್ತು. "ಹಬ್ಬಕ್ಕ ಬಂದು ಸಂಜಿ ಬಸ್ಸಿಗಿ ಹೊಳ್ಳಿ ಹೋದಾಕಿ ನಾ. ನಾಳಿ ನಾ ಸತ್ರ ನನಗ ಯಾರು ಎಕಂಬಾ ತನಕ ಒಯ್ತಾರ? ಇಷ್ಟು ವರ್ಷ ಕೂಡಿ ಇದ್ದು, ಮಣ್ಣಾಗ ಅವರೊಂದು ಊರು, ನಾನೊಂದು ಊರು ಆಗಬೇಕೇನ್ರಿ?"

ಜಾಕ್ಸನ ಹೊರಗೆ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಹೋಗಿ ಕುಳಿತ. ಅವನ ಟೆಂಪೋದಲ್ಲಿ ಬಂದ ಹೆಂಗಸರು ಒಳಗೆ ಬಂದು ಅಳತೊಡಗಿದರು. ಇವಾಂಜಲಿನಳಿಗೆ ಅತ್ತ ದರಿ ಇತ್ತ ಪುಲಿ ಎಂಬಂತಾಯಿತು. ಸತ್ತವನ ಅಣ್ಣನನ್ನು ಕಟ್ಟೆಯ ಮೇಲೆ ಬಿಟ್ಟು ಪೆಟ್ಟಿಗೆ ಎತ್ತುವುದು ಹೇಗೆ? ಅವನ ಮಾತು ನಡೆಸಿದರೆ ತನ್ನ ಗತಿ ಏನು?

* * *

ಸಂಬಳಕ್ಕೆ ಸೈಕಲ್ ತುಳಿಯುವ ನೌಕರಿಯೂ ಇರುತ್ತದೆ ಎಂದರೆ ಆ ಕಾಲಕ್ಕೆ ಎಕಂಬಾದಲ್ಲಿ ಯಾರೂ ನಂಬಿರಲಿಲ್ಲ. ಆದರೆ ಒಂದು ಟೈರ್ ಕಂಪನಿ ತನ್ನ ಹೆಸರಿಗಾಗಿ ಸವಾರರ ತಂಡ ಕಟ್ಟಿತ್ತು, ಅದರಲ್ಲಿ ಜೇಮ್ಸನಿಗೆ ಕೆಲಸ ಸಿಕ್ಕಿತ್ತು. ಹೈದರಾಬಾದಿನಿಂದ ಹೊರಟು, ದಿನಕ್ಕೊಂದು ಹಂತದಂತೆ ತುಳಿದು, ವಾರಕ್ಕೆ ಕಲಬುರ್ಗಿ ಮುಟ್ಟುವ ರೇಸು ಅವರ ದೊಡ್ಡ ಹಬ್ಬ. ಎಲ್ಲ ದಿನಗಳ ವೇಳೆ ಕೂಡಿಸಿದಾಗ ಯಾರದು ಕಡಿಮೆಯೋ ಅವನೇ ಗೆದ್ದವನು.

ತಂಡದಲ್ಲಿ ಗೆಲ್ಲುವವನು ಒಬ್ಬ. ಉಳಿದವರೆಲ್ಲ ಅವನನ್ನು ಗೆಲ್ಲಿಸುವವರು. ಗೆಲ್ಲಬೇಕಾದವನು ಕಪ್ತಾನ ಶ್ರೀಪಾದ, ಭಾಲ್ಕಿಯವನು. ಜೇಮ್ಸ ನೀರು ಹೊರುವವನು. ಹಿಂದೆ ಬರುವ ಜೀಪಿನ ತನಕ ಹಿಂದುಳಿದು, ಬೆನ್ನ ಜೇಬಿನಲ್ಲಿ, ಅಂಗಿಯೊಳಗೆ ಬಾಟಲಿ ತುರುಕಿಕೊಂಡು, ಮತ್ತೆ ಗುಂಪನ್ನು ಹಿಡಿದು ಎಲ್ಲರಿಗೂ ಹಂಚುವುದು ಅವನ ಕೆಲಸ. ಅದಕ್ಕೇ ಅವನಿಗೆ ಬಾಟಲಿ ಜೇಮ್ಸ ಎಂದು ಹೆಸರು ಬಿದ್ದಿತ್ತು. ಈ ಹೆಸರು ಮುಂದೆ, ಹೆಂಡವೆಂದರೆ ಉರಿದುಬೀಳುವ ಕಟ್ಟಾ ಮೆಥಡಿಸ್ಟನಾದ ಮಾವನ ಕಿವಿಗೆ ಬಿದ್ದು ಮದುವೆಯೇ ಮುರಿಯುವುದರಲ್ಲಿತ್ತು.

ಇವಾಂಜಲಿನ ಆಗ ಭಾಲ್ಕಿಯ ಮಿಷನ್ ದವಾಖಾನೆಯಲ್ಲಿ ಹೊಸ ನರ್ಸು. ತಾಲೀಮಿನಲ್ಲಿ ಬಿದ್ದು ಮೊಣಕಾಲು ಕೆತ್ತಿಸಿಕೊಂಡು ಬಂದ ಜೇಮ್ಸನಿಗೆ ಅವಳೇ ಪಟ್ಟಿ ಕಟ್ಟಿದ್ದಳು. ಅಂಥ ಗಾಯ ವಾರದಲ್ಲಿ ಮಾಯಬೇಕು. ಜೇಮ್ಸನ ಮೊಣಕಾಲು ಮಾತ್ರ ಮಳೆಗಾಲ ಕಳೆದು ಚಳಿಗಾಲ ಬಂದರೂ ಮಾಯಲಿಲ್ಲ. ರಜೆ ಸಿಕ್ಕಾಗಲೆಲ್ಲ ಬಂದು ಕಟ್ಟಿಸಿಕೊಂಡು ಹೋಗುತ್ತಿದ್ದ, ಬಾಯಿ ಬಿಟ್ಟು ಒಂದು ಮಾತು ಆಡುತ್ತಿರಲಿಲ್ಲ.

ಸವಾರರಲ್ಲಿ ಒಂದು ರಿವಾಜಿತ್ತು. ದಾರಿಯಲ್ಲಿ ಒಬ್ಬ ಸವಾರನ ಹುಟ್ಟೂರು ಬಂತೆಂದರೆ ಕಪ್ತಾನರು ಕೈ ಎತ್ತುತ್ತಿದ್ದರು. ಕೈ ಕಂಡದ್ದೇ ಇಡೀ ಗುಂಪು, ಎಂಥ ಹಗೆಯ ತಂಡವಾದರೂ ಸರಿ, ಕಾಲು ಸಡಿಲಿಸುತ್ತಿತ್ತು. ಆ ಊರಿನವನು ಒಬ್ಬನೇ ಮುಂದೆ ಹೋಗಿ, ತನ್ನವರ ಮುಂದೆ ಇಳಿದು, ಅವ್ವನ ಕಾಲು ಮುಟ್ಟಿ, ಕೊಟ್ಟದ್ದು ಕುಡಿದು, ಗುಂಪು ಬಂದಾಗ ಮತ್ತೆ ಸೇರಿಕೊಳ್ಳಬಹುದು. ಆ ಗಳಿಗೆಯಲ್ಲಿ ಯಾರೂ ಓಡುವಂತಿಲ್ಲ. ಅದಕ್ಕೆ ಕಟ್ಟಳೆ ಒಂದೇ: ಒಬ್ಬನಿಗೆ ಒಂದೇ ಊರು.

ಮೂರನೆಯ ದಿನ ರೇಸು ಬೀದರದಿಂದ ಹೊರಟು, ಖಟಕ ಚಿಂಚೋಳಿ ಸುತ್ತಿ ಭಾಲ್ಕಿಗೆ ಬರುತ್ತಿತ್ತು. ಊರು ಹತ್ತಿರಾದಾಗ ಜೇಮ್ಸ ಕಪ್ತಾನನಿಗೆ ನೀರು ಕೊಡುವ ನೆಪದಲ್ಲಿ ಪಕ್ಕಕ್ಕೆ ಬಂದ.

"ಶ್ರೀಪಾದ, ನೀ ಮುಂದ ಇರೋ ಮನುಷ್ಯ. ನಿನಗ ಇಳಿದು ನಿಂದ್ರಲಿಕ್ಕ ಆಗಂಗಿಲ್ಲ. ನಿನ್ನ ಊರು ಸುಮ್ಮ ಹಾಳಾಗಿ ಹೋಗ್ತದ. ನನಗ ಉದರಿ ಕೊಡು."

"ಊರು ಉದರಿ ಕೊಡ್ತಾರೇನೋ ಮಳ್ಳ?"

"ಮೊಣಕಾಲಿಗಿ ಔಷಧ ಹಚ್ಚೋ ಹುಡುಗಿ ಗೇಟಿನಾಗ ನಿಂತಿರ್ತಾಳ. ಇವತ್ತ ಕೇಳಲಿಲ್ಲಂದ್ರ ನಾ ಯಾವತ್ತೂ ಕೇಳಂಗಿಲ್ಲ."

ಶ್ರೀಪಾದ ನಗುತ್ತ ಕೈ ಎತ್ತಿದ. "ಜೇಮ್ಸನ ಊರು ಬಂತು, ಬಿಡ್ರೆಪಾ," ಎಂದು ಕೂಗಿದ. ಹೈದರಾಬಾದಿನವರಿಗೆ ಭಾಲ್ಕಿ ಯಾರದು, ಎಕಂಬಾ ಯಾರದು, ಏನು ಗೊತ್ತು? ಬಿಟ್ಟರು.

ದವಾಖಾನೆಯ ಗೇಟಿನಲ್ಲಿ ನರ್ಸುಗಳೆಲ್ಲ ಗುಲಾಬಿ ಪಕಳೆ ಹಿಡಿದು ನಿಂತಿದ್ದರು. ಧೂಳು ಮೆತ್ತಿದ ಒಬ್ಬ ಸವಾರ ಒಂಟಿಯಾಗಿ ಬಂದು, ಇವಾಂಜಲಿನಳ ಮುಂದೆ ಒಂದು ಕಾಲು ನೆಲಕ್ಕೆ ಊರಿ ನಿಂತ.

"ಸಿಸ್ಟರ್, ನನ್ನ ಮದುವಿ ಆಗ್ತೀರೇನ್ರಿ? ಲಗೂನ ಹೇಳ್ರಿ, ಮಂದಿ ಬರ್ಲಿಕತ್ತಾರ."

ಅವಳಿಗೆ ಕೈಯಲ್ಲಿದ್ದ ಪಕಳೆ ಹಾಕುವುದೂ ತಿಳಿಯಲಿಲ್ಲ. "ಮೊದಲ ಆ ಮೊಣಕಾಲಿಗಿ ಔಷಧ ಹಚ್ಚಿಸಿಕೋರಿ," ಎಂದಳು.

"ಅಂದ್ರ ಹೌದೋ, ಅಲ್ಲೋ?"

"ದಿನಾ ಹಚ್ಚಲಿಕ್ಕ ಮನ್ಯಾಗ ಒಬ್ಬರು ಬೇಕಲ್ರಿ."

ಗುಂಪು ಬಂದು ಅವನನ್ನು ನುಂಗಿಕೊಂಡು ಹೋಯಿತು. ಮರುದಿನ ಪತ್ರಿಕೆಯಲ್ಲಿ 'ಭಾಲ್ಕಿಯ ಜೇಮ್ಸ' ಎಂದು ಅವನ ಚಿತ್ರ ಬಂತು. ಆ ಚಿತ್ರದ ಮೂಲೆಯಲ್ಲಿ ಅವಳ ಅರ್ಧ ಮುಖವೂ ಇತ್ತು.

* * *

ಬಿಸಿಲು ಏರುತ್ತಿದ್ದಂತೆ ಇಬ್ಬರು ಮುದುಕರು ಬಂದರು. ಒಬ್ಬ ಶ್ರೀಪಾದ, ಭಾಲ್ಕಿಯಿಂದ ಕಾರಿನಲ್ಲಿ ಬಂದಿದ್ದ. ತಲೆ ಬೋಳಾಗಿತ್ತು, ಕಿವಿಗೆ ಯಂತ್ರ ಬಂದಿತ್ತು. ಇನ್ನೊಬ್ಬ ಗೌಸೋದ್ದೀನ, ಅದೇ ತಂಡದವನು, ಬೀದರದವನೇ. ಜೇಮ್ಸನ ಅಂಗಡಿಯ ಗೋಡೆಗೆ ತೂಗುಹಾಕಿದ್ದ ಹಳೆಯ ರೇಸಿನ ಸೈಕಲ್ಲನ್ನು ಇಳಿಸಿ ತಳ್ಳಿಕೊಂಡು ಬಂದಿದ್ದ. ಹ್ಯಾಂಡಲಿಗೆ ಒಂದು ಜೊತೆ ಹಳೆಯ ಚರ್ಮದ ಬೂಟು ನೇತಾಡುತ್ತಿದ್ದವು.

ಗೌಸೋದ್ದೀನ ಗೆಳೆಯನ ಮುಖ ನೋಡಿದ. ಆಮೇಲೆ ಅವನ ಕಣ್ಣು ಪಕ್ಕದಲ್ಲಿದ್ದ ಚೊಂಬಿನ ಮೇಲೆ ನಿಂತಿತು.

"ಇದು ಇನ್ನಾ ಅದ ಏನ್ರಿ, ಭಾಬಿ?"

"ಅದ್ರಾಗೇ ನೀರು ಕುಡೀತಿದ್ರಲ್ರಿ. ಅತ್ತಿ ಕೊಟ್ಟದ್ದು," ಎಂದಳು ಇವಾಂಜಲಿನ. ಈ ಕತೆ ಹೇಳುವಾಗ ಅವಳಿಗೆ ಅಷ್ಟು ದುಃಖದಲ್ಲೂ ಸಮಾಧಾನವಾಯಿತು. "ಭಾಲ್ಕಿ ಮರುದಿನ ರೇಸು ಎಕಂಬಾ ಮ್ಯಾಲ ಹೋಯ್ತಲ್ಲ, ಅಲ್ಲೂ ಇಳಿದಿದ್ರಂತ. ಅತ್ತಿ ಇದೇ ಚೊಂಬಿನಾಗ ಮಜ್ಜಿಗಿ ಕುಡಿಸಿ, ಬೆನ್ನ ಮ್ಯಾಲ ಕೈ ಆಡಿಸಿದ್ರಂತ. ನಿಮಗ ಗೊತ್ತಿರಬೇಕಲ್ಲ, ನೀವೂ ಕೂಡೇ ಇದ್ರಿ."

ಗೌಸೋದ್ದೀನ ಶ್ರೀಪಾದನ ಕಡೆ ನೋಡಿದ. ಶ್ರೀಪಾದ ಸರಿಯಾಗಿಯೇ ಇದ್ದ ಕಿವಿಯ ಯಂತ್ರವನ್ನು ತೆಗೆದು ಮತ್ತೆ ಹಾಕಿಕೊಂಡ.

"ಹೇಳ್ರಿ ಸಾಬ," ಎಂದಿತು ಕಿಟಕಿಯ ಹೊರಗಿನಿಂದ ಜಾಕ್ಸನನ ದನಿ. "ಇವತ್ತ ಹೇಳದಿದ್ರ ಮತ್ತ ಯಾವಾಗ ಹೇಳ್ತೀರಿ?"

* * *

ಎಕಂಬಾದಲ್ಲಿ ಆ ದಿನ ಕೆಲಸಕ್ಕೆ ಯಾರೂ ಹೊಲಕ್ಕೆ ಹೋಗಿರಲಿಲ್ಲ. ದಾರಿಗೆ ಅಡ್ಡಲಾಗಿ ಸೀರೆ ಕಟ್ಟಿ ಕಮಾನು ಮಾಡಿದ್ದರು. ಜೇಮ್ಸನ ಅವ್ವ ಜೆಮಿಮಾ ಚರ್ಚಿಗೆ ಉಡುವ ಸೀರೆ ಉಟ್ಟು, ನಸುಕಿನಲ್ಲಿ ಕಡೆದ ಮಜ್ಜಿಗೆಗೆ ಜೀರಿಗೆ ಉಪ್ಪು ಹಾಕಿ, ಚೊಂಬು ಹಿಡಿದು ದಾರಿಯ ಬದಿಯ ಕಲ್ಲಿನ ಮೇಲೆ ನಿಂತಿದ್ದಳು. ಪ್ರತಿ ಊರಿಗೂ ಊರಿನ ಮಗ ಮುಂದೆ ಬರುತ್ತಾನೆ, ಇಳಿಯುತ್ತಾನೆ ಎಂದು ಜೇಮ್ಸನೇ ಹೇಳಿ ಕಳಿಸಿದ್ದ. ಭಾಲ್ಕಿ ಅವನ ತಲೆಗೆ ಹೊಕ್ಕಿದ್ದು ಅದರ ನಂತರ.

ಊರು ಹತ್ತಿರಾದಾಗ ಅವನು ಹೈದರಾಬಾದ್ ತಂಡದ ಕಪ್ತಾನನ ಬಳಿ ಹೋದ. "ಮೇರಾ ಗಾಂವ್ ಹೈ ಭಾಯಿ, ಜಾನೆ ದೋ," ನನ್ನ ಊರು, ಹೋಗಲು ಬಿಡು ಎಂದು ಕೇಳಿದ.

"ಕಲ್ ಭೀ ತೇರಾ ಗಾಂವ್ ಥಾ," ಎಂದ ಅವನು. ನಿನ್ನೆಯೂ ನಿನ್ನ ಊರೇ ಬಂದಿತ್ತಲ್ಲ. "ಏಕ್ ಆದ್ಮಿ ಕಾ ಏಕೀಚ್ ಗಾಂವ್." ಒಬ್ಬನಿಗೆ ಒಂದೇ ಊರು.

ನಿನ್ನೆಯದು ಸುಳ್ಳು ಎಂದು ಒಪ್ಪಿಕೊಂಡರೆ ಕೈ ಎತ್ತಿದ ಶ್ರೀಪಾದನ ಮಾನ ಹೋಗುತ್ತಿತ್ತು. ಹೇಳದೆ ಇಳಿದರೆ ಗುಂಪು ಕಾಯದೆ ಹೋಗಿ, ಅಡ್ಡಗಾಳಿಯಲ್ಲಿ ಶ್ರೀಪಾದನಿಗೆ ಮರೆಯಾಗಿ ತುಳಿಯಲು ಆಳು ಕಡಿಮೆಯಾಗಿ ವಾರದ ದುಡಿಮೆ ಮಣ್ಣುಪಾಲಾಗುತ್ತಿತ್ತು. ಜೇಮ್ಸ ತನ್ನ ಕಪ್ತಾನನ ಮುಖ ನೋಡಿದ. ಶ್ರೀಪಾದ ಇಳಿಯಬೇಡ ಎನ್ನಲಿಲ್ಲ, ಇಳಿ ಎಂದೂ ಅನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ರಸ್ತೆ ನೋಡುತ್ತ ತುಳಿದ. ಆ ದಿನ ಯಾವ ಕೈಯೂ ಮೇಲೇಳಲಿಲ್ಲ.

ಜೋಳದ ಹೊಲದಲ್ಲಿ ಗಾಳಿ ನುಗ್ಗಿದ ಸಪ್ಪಳ ಮಾಡುತ್ತ ಗುಂಪು ಬಂತು. ಎಲ್ಲ ತಲೆಗಳೂ ಬಗ್ಗಿದ್ದವು, ಎಲ್ಲ ಮುಖಕ್ಕೂ ಒಂದೇ ಧೂಳು. ಯಾವುದು ತನ್ನ ಮಗ ಎಂದು ಜೆಮಿಮಾಳಿಗೆ ತಿಳಿಯಲಿಲ್ಲ. "ಜೇಮ್ಯಾ, ಜೇಮ್ಯಾ" ಎನ್ನುತ್ತ ಹಾದುಹೋದ ಪ್ರತಿಯೊಬ್ಬನಿಗೂ ಚೊಂಬು ಚಾಚಿದಳು. ಅಂಚಿನಲ್ಲಿದ್ದವನೊಬ್ಬ ಸವಾರರ ರೂಢಿಯಂತೆ ಅದನ್ನು ಕಸಿದುಕೊಂಡು ಹೋದ. ಅವನು ಗೌಸೋದ್ದೀನ.

"ಬಾಯಿ ಒಣಗಿತ್ತು ಭಾಬಿ. ಯಾರ ಕೈ ಅಂತ ನೋಡ್ಲಿಲ್ಲ," ಎಂದ ಗೌಸೋದ್ದೀನ. "ಎರಡು ಗುಟುಕು ಕುಡಿದು ಬಾಜೂದವಗ ಕೊಟ್ಟೆ. ಅವ ಆಕಡಿಯವಗ ಕೊಟ್ಟ. ಜೇಮ್ಸ ನಡುವ ಸಿಕ್ಕಿದ್ದ. ಅವನ ಕೈಗಿ ಹೋಗೋದ್ರಾಗ ಖಾಲಿ ಆಗಿತ್ತು. ತಳ ತಿರುವಿ ನೋಡ್ದ. ಅವ್ವನ ಹೆಸರು ಕೊರೆಸಿತ್ತಲ್ಲ, 'ಜೆಮಿಮಾ' ಅಂತ. ಅಂಚಿಗಿ ಹತ್ತಿದ್ದ ಮಜ್ಜಿಗಿ ಬೆರಳಿಲೆ ಒರಸಿ ನೆಕ್ಕಿ, ಚೊಂಬು ಬೆನ್ನ ಜೇಬಿಗಿ ಹಾಕ್ಕೊಂಡ. ಔರಾದ ಮುಟ್ಟೋ ತನಕ ಅದು ಅವನ ಬೆನ್ನ ಮ್ಯಾಲೇ ಇತ್ತು."

"ಅವ್ವಗ ಮಗಾನೇ ಒಯ್ದ ಅಂತ ಖುಷಿ," ಎಂದ ಜಾಕ್ಸನ ಕಿಟಕಿಯಾಚೆಯಿಂದ. "ಊರ ಮಂದಿಗೆಲ್ಲ ಹೇಳಿದಳು, ನನ್ನ ಜೇಮ್ಯಾ ನನ್ನ ಕೈಲೆ ಮಜ್ಜಿಗಿ ಕುಡದ ಅಂತ. ನಾ ಬಾಜೂಕೇ ನಿಂತಿದ್ದೆ. ಅದು ನನ್ನ ತಮ್ಮನ ಕೈ ಅಲ್ಲಂತ ನನಗ ಗೊತ್ತಾಗಂಗಿಲ್ಲೇನು? ರೇಸು ಮುಗಿದ ಮ್ಯಾಲ ಅವ ಬಂದು 'ಹೌದವ್ವ, ನಾನೇ ಕುಡದೆ' ಅಂದ. ನಾ ಬಾಯಿ ಮುಚ್ಚಿಕೊಂಡೆ. ಅವ್ವ ಸಾಯೋ ತನಕ ಮುಚ್ಚಿಕೊಂಡೇ ಇದ್ದೆ."

* * *

ಶ್ರೀಪಾದ ನೆಲ ನೋಡುತ್ತ ಹೇಳಿದ: "ಆ ವರ್ಷ ನಾ ಗೆದ್ದೆ, ವೈನಿ. ಮನ್ಯಾಗ ಗೆದ್ದ ಕಪ್ ಅದ. ಅದನ್ನ ನೋಡ್ದಾಗೊಮ್ಮಿ ಆ ಕಲ್ಲಿನ ಮ್ಯಾಲ ನಿಂತ ಅವ್ವ ಕಾಣ್ತಾರ. ಭಾಲ್ಕಿ ನನ್ನ ಊರು, ಅವಗ ಉದರಿ ಕೊಟ್ಟೆ. ಅವನ ಊರು ಬಂದಾಗ ನನ್ನ ಕೈ ಏಳಲಿಲ್ಲ."

"ನನಗ್ಯಾಕ ಸುಳ್ಳ ಹೇಳಿದ್ರು?" ಎಂದಳು ಇವಾಂಜಲಿನ.

"ಶಾದಿ ಮುಂದ ಹೇಳಬಾರದಂತ ನನ್ನ ಕಡಿಂದ ಕಸಮ್ ಹಾಕಿಸಿಕೊಂಡ, ಭಾಬಿ," ಎಂದ ಗೌಸೋದ್ದೀನ. "'ನನ್ನ ಸಲುವಾಗಿ ಊರು ಕಳಕೊಂಡ ಅಂತ ಗೊತ್ತಾದ್ರ ಇವಾಂಜಲಿನ ಜನುಮೆಲ್ಲ ಮನಸಿಗಿ ಹಚ್ಚಿಕೋತಾಳ. ಆಕಿ ಮುಂದ ನಾ ಮಜ್ಜಿಗಿ ಕುಡದೀನಿ' ಅಂದ."

ಅವಳಿಗೆ ಮೊದಲು ಸಿಟ್ಟು ಬಂತು. ಇಷ್ಟು ವರ್ಷ ಒಂದೇ ಮಂಚದಲ್ಲಿ ಮಲಗಿ, ದಿನಾ ರಾತ್ರಿ ಆ ಚೊಂಬು ತುಂಬಿಸಿಟ್ಟು, ಇದೊಂದನ್ನು ಹೇಳದೆ ಹೋದನಲ್ಲ ಎಂದು. ಆಮೇಲೆ ಆ ಸಿಟ್ಟು ನಿಲ್ಲಲಿಲ್ಲ. ಹಿಂದೆಲ್ಲ ವರ್ಷಕ್ಕೊಮ್ಮೆ, ಬಸ್ಸು ಇದ್ದರೂ ಹತ್ತದೆ, ಸೈಕಲ್ ತುಳಿದುಕೊಂಡೇ ಒಬ್ಬನೇ ಎಕಂಬಾಕ್ಕೆ ಹೋಗಿ ಬರುತ್ತಿದ್ದ. ಅವ್ವ ತೀರಿಕೊಂಡ ಮೇಲೂ ಹೋಗುತ್ತಿದ್ದ. 'ಯಾರು ಅದಾರಂತ ಹೋಗ್ತೀರಿ?' ಎಂದು ಇವಳು ಬೈದರೆ ನಕ್ಕುಬಿಡುತ್ತಿದ್ದ. ಅಂಗಾಲಿನ ತನಕ ಗೊತ್ತು ಎಂದುಕೊಂಡಿದ್ದ ಮನುಷ್ಯನನ್ನು ಅವಳು ಹೊಸಬನನ್ನು ನೋಡುವ ಹಾಗೆ ನೋಡಿದಳು. ನಿನ್ನೆಗಿಂತ ಇವತ್ತು ಅವನ ಮೇಲೆ ಪ್ರೀತಿ ಹೆಚ್ಚಾಗಿತ್ತು, ಅದನ್ನು ಹೇಳಲು ಅವನೇ ಇರಲಿಲ್ಲ.

ಸೆರಗಿನಿಂದ ಮುಖ ಒರೆಸಿಕೊಂಡು ಕಿಟಕಿಯ ಬಳಿ ಹೋದಳು.

"ಭಾವನೋರೆ, ಕುಣಿ ಎಲ್ಲಿ ತೋಡ್ಸೀರಿ?"

"ಅವ್ವನ ಬಾಜೂಕ," ಎಂದ ಜಾಕ್ಸನ. ತುಸು ತಡೆದು, ಬೇರೆಲ್ಲೋ ನೋಡುತ್ತ ಮುಂದುವರಿಸಿದ: "ಅದು ನಾ ಇಟ್ಟುಕೊಂಡ ಜಗಾ. ಅವಗ ಕೊಟ್ಟೀನಿ. ಅದರಾಚಿಗಿ ಇನ್ನೊಂದು ಬಿಡ್ಸೀನಿ. ಅದು ನಿಂದು, ತಂಗಿ. ನೀ ಸತ್ರ ಯಾರು ಒಯ್ತಾರ ಅಂದೆಲ್ಲ, ನಾ ಇದ್ರ ನಾ ಒಯ್ತೇನಿ. ಇಲ್ಲಂದ್ರ ಊರು ಒಯ್ತದ."

"ನೀವು?"

"ನಾ ಗ್ವಾಡಿ ಕಡಿ ಎಲ್ಯಾರ ಅಡ್ಡಾಗ್ತೇನಿ. ನನಗ ಒಬ್ಬನೇ ಮಲಗೋ ರೂಢಿ ಅದ."

"ನಂದು ಅವರ ಯಾವ ಬಾಜೂಕ ಬರ್ತದ್ರಿ?"

ಜಾಕ್ಸನ ಕೈಯಿಂದ ಗಾಳಿಯಲ್ಲೇ ಅಳೆದು ನೋಡಿದ. "ಬಲಕ್ಕ," ಎಂದ.

ಇವಾಂಜಲಿನ ಮಗಳ ಕಡೆ ತಿರುಗಿದಳು. "ಭಾಲ್ಕಿಗಿ ಫೋನ್ ಹಚ್ಚು, ಕ್ಯಾರೊಲಿನ. ಪಾಸ್ಟರಿಗಿ ಎಕಂಬಾಕ್ಕ ಬರ್ಲಿಕ್ಕ ಹೇಳು."

"ಅಲ್ಲಿ ತೋಡಿದ ಕುಣಿ ಮಮ್ಮಿ? ಖಾಲಿ ಮುಚ್ಚಬಾರದಂತಾರ."

"ಅದರಾಗ ಒಂದು ಬೇವಿನ ಸಸಿ ಹಚ್ಚಸ್ತೇನಿ, ವೈನಿ," ಎಂದ ಶ್ರೀಪಾದ. "ಊರು ನಂದೇ ಅಲ್ಲ."

ಗೌಸೋದ್ದೀನ ಹ್ಯಾಂಡಲಿನಿಂದ ರೇಸಿನ ಬೂಟುಗಳನ್ನು ಬಿಚ್ಚಿ ತಂದ. ಚರ್ಮ ಒಣಗಿ ಸೆಟೆದಿತ್ತು. ಇವಾಂಜಲಿನ ಕೊಬ್ಬರಿ ಎಣ್ಣೆ ತಿಕ್ಕಿ, ಲಾಡಿ ಪೂರ್ತಿ ಸಡಿಲಿಸಿ ತೊಡಿಸಿದಳು. ಬಲಗಾಲು ಯಾವ ತಕರಾರೂ ಮಾಡದೆ ಒಳಗೆ ಹೋಯಿತು.

ಹಾಡು, ಪ್ರಾರ್ಥನೆ ಮುಗಿದು ಪೆಟ್ಟಿಗೆ ಗಾಡಿಗೆ ಏರಿತು. ಜಾಕ್ಸನ ಮುಂದೆ ಹೋಗಿ ಊರಲ್ಲಿ ತಯಾರಿ ನೋಡಬೇಕೆಂದು ಟೆಂಪೋ ಹತ್ತುತ್ತಿದ್ದ. ಇವಾಂಜಲಿನ ಚೊಂಬನ್ನು ತೊಳೆದು ತಂದು ಅವನ ಕೈಗಿಟ್ಟಳು.

"ಇದು ನಿಮ್ಮ ಮನಿದು, ಭಾವನೋರೆ."

ಅವನು ತಲೆಯ ರುಮಾಲು ಬಿಚ್ಚಿ ಅದರಲ್ಲಿ ಚೊಂಬನ್ನು ಸುತ್ತಿಕೊಂಡ.

* * *

ಬೀದರ ದಾಟಿ, ಮಾಂಜ್ರಾ ದಾಟಿ ಗಾಡಿಗಳು ಔರಾದದ ದಾರಿ ಹಿಡಿದವು. ಎರಡೂ ಕಡೆ ತೊಗರಿ ಕಟಾವಿಗೆ ಬಂದಿತ್ತು, ಬಿಳಿಜೋಳ ತೆನೆ ಬಿಟ್ಟಿತ್ತು. ಮುಂದೆ ಶ್ರೀಪಾದನ ಕಾರು, ಅದರ ಹಿಂದೆ ಪೆಟ್ಟಿಗೆಯ ಗಾಡಿ, ಅದರ ಹಿಂದೆ ಮಂಗಲಪೇಟೆಯ ಮಂದಿ ಹತ್ತಿದ ಜೀಪು, ಆಟೋ, ಮೋಟರ್ ಸೈಕಲ್ಲುಗಳು. ಪೆಟ್ಟಿಗೆಯ ಗಾಡಿಯನ್ನು ನಡೆಸುತ್ತಿದ್ದವನು ಹಾವಗೆಪ್ಪ. ಜೇಮ್ಸನ ಬಾಡಿಗೆ ಸೈಕಲ್ಲಿನ ಮೇಲೆಯೇ ಬ್ಯಾಲೆನ್ಸ್ ಕಲಿತವನು. ಇವಾಂಜಲಿನ ಹಿಂದೆ ಪೆಟ್ಟಿಗೆಯ ಬಲಕ್ಕೆ ಕುಳಿತಿದ್ದಳು.

ಎಕಂಬಾದ ಸೀಮೆಯಲ್ಲಿ ಒಂದು ದೊಡ್ಡ ಬೇವಿನ ಮರ. ಅಲ್ಲಿಗೆ ಬಂದಾಗ ಶ್ರೀಪಾದನ ಕಾರು ಬದಿಗೆ ಸರಿದು ನಿಂತಿತು. ಅವನು ಇಳಿದು ರಸ್ತೆಯ ನಡುವೆ ಬಂದು ಬಲಗೈ ಎತ್ತಿದ. ಹಿಂದಿನ ಗಾಡಿಗಳೆಲ್ಲ ಒಂದೊಂದಾಗಿ ಬ್ರೇಕು ಹಾಕಿದವು. ಹಾವಗೆಪ್ಪನೂ ನಿಲ್ಲಿಸಿದ.

"ನೀ ಯಾಕ ನಿಂತಿ?" ಎಂದ ಶ್ರೀಪಾದ. "ನೀ ನಡಿ. ಅವನೊಬ್ಬನ್ನ ಮುಂದ ಕರಕೊಂಡು ಹೋಗು. ನಾವು ಹಿಂದ ಬರ್ತೇವಿ."

ಹಾವಗೆಪ್ಪನಿಗೆ ಅರ್ಥವಾಗಲಿಲ್ಲ. ಇವಾಂಜಲಿನಳಿಗೆ ಆಯಿತು. ಅವಳು ಹಿಂದಿನ ಬಾಗಿಲು ತೆಗೆದು ಕೆಳಗಿಳಿದಳು.

"ನೀ ಯಾಕ ಇಳೀತಿ ಮಮ್ಮಿ?" ಕ್ಯಾರೊಲಿನ ಜೀಪಿನಿಂದ ಓಡಿ ಬಂದಳು.

"ಭಾಲ್ಕ್ಯಾಗ ನನ್ನ ಮುಂದ ಒಬ್ಬರೇ ಬಂದು ನಿಂತಿದ್ರು," ಎಂದಳು ಇವಾಂಜಲಿನ. "ಇಲ್ಲೂ ಒಬ್ಬರೇ ಹೋಗ್ಲಿ."

ಗಾಡಿ ನಡೆಯುವವರ ವೇಗದಲ್ಲಿ ಮುಂದೆ ಹೋಯಿತು. ಅದರ ಮುಂದೆ ಯಾರೂ ಇರಲಿಲ್ಲ, ಹಿಂದೆಯೂ ಯಾರೂ ಇರಲಿಲ್ಲ. ಮರದ ಕೆಳಗೆ ಎಲ್ಲರೂ ಗಾಡಿಗಳಿಂದ ಇಳಿದು ನಿಂತರು. ಗೌಸೋದ್ದೀನ ಜೀಪಿನ ಮೇಲಿಂದ ಜೇಮ್ಸನ ಸೈಕಲ್ಲನ್ನು ಇಳಿಸಿಕೊಂಡು, ನಿಂತ ಸೈಕಲ್ಲಿನ ಬ್ರೇಕನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ.

ದೂರದಲ್ಲಿ ಊರಿನ ಮಂದಿ ದಾರಿಯ ಎರಡೂ ಬದಿಗೆ ನಿಂತದ್ದು ಕಾಣುತ್ತಿತ್ತು. ಎಡಬದಿಯ ಕಲ್ಲಿನ ಮೇಲೆ ಬರಿದಲೆಯ ಜಾಕ್ಸನ ನಿಂತಿದ್ದ. ಎರಡೂ ಕೈಯಿಂದ ಚೊಂಬನ್ನು ಮುಂದೆ ಚಾಚಿದ್ದ. ತುಂಬಿದ ಚೊಂಬೆಂದು ಅವನು ಹಿಡಿದ ರೀತಿಯಲ್ಲೇ ತಿಳಿಯುತ್ತಿತ್ತು. ಗಾಡಿ ಅವನ ಹತ್ತಿರ ಹೋಯಿತು, ಹಿಂದಿನ ಕೆಂಪು ದೀಪ ಹತ್ತಿತು, ನಿಂತಿತು. ಇತ್ತ ಬೇವಿನ ಮರದ ಕೆಳಗೆ ಶ್ರೀಪಾದ ಎತ್ತಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ.